ಪಾಂಡವರ ಗುಡಿಯ ಕಿಂಡಿಗೂ ಇಂಗ್ಲೆಂಡಿನ ನೀಳದಿಬ್ಬಗಳಿಗೂ ಸಂಬಂಧವಿದೆಯೇ?

ಪ್ರಶ್ನೆ: ಗಡಿಸೀಮೆ ಮೇಷ್ಟ್ರು, ಮುಳಬಾಗಿಲು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಆಂಧ್ರದ ಗಡಿಗೆ ಹತ್ತಿರವಿರುವ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನವನ್ನು ಬೋಧಿಸುತ್ತೇನೆ. ನಮ್ಮ ಊರಿನ ಗೋಮಾಳದ ಅಂಚಿನಲ್ಲಿ, ನೀಲಗಿರಿ ತೋಪು ಮುಗಿದು ಬಂಡೆ ಶುರುವಾಗುವ ಕಡೆ, ನಾಲ್ಕು ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿಯನ್ನು ಹೊದಿಸಿದ ಹಲವು ರಚನೆಗಳಿವೆ. ಕನ್ನಡದ ಮನೆಯವರು ಅವನ್ನು ಪಾಂಡವರ ಗುಡಿಗಳೆಂದೂ ತೆಲುಗಿನ ಮನೆಯವರು ಪಾಂಡವುಲ ಗುಳ್ಳು ಎಂದೂ ಕರೆಯುತ್ತಾರೆ. ಅವುಗಳಲ್ಲಿ ಒಂದರ ಚಪ್ಪಡಿಯಲ್ಲಿ, ಚಿಕ್ಕ ಹುಡುಗನೊಬ್ಬ ನುಸುಳಬಹುದಾದಷ್ಟು ಅಗಲದ ದುಂಡನೆಯ ಕಿಂಡಿಯನ್ನು ಕೊರೆದಿದ್ದಾರೆ. ಸುತ್ತಲೂ ಕಲ್ಲುಗಳನ್ನು ವೃತ್ತಾಕಾರವಾಗಿ ಹೂಳಿದ ಗುರುತು ಈಗಲೂ ಕಾಣುತ್ತದೆ.

ಇತ್ತೀಚೆಗೆ ಇಂಗ್ಲೆಂಡಿನ ನವಶಿಲಾಯುಗದ ‘ಲಾಂಗ್ ಬ್ಯಾರೋ’ಗಳನ್ನು, ಅಂದರೆ ನೀಳವಾದ ಮಣ್ಣುದಿಬ್ಬದ ಸಮಾಧಿಗಳನ್ನು, ಕುರಿತ ಲೇಖನವೊಂದನ್ನು ಓದುತ್ತಿದ್ದಾಗ ಗ್ಲಾಸ್ಟರ್‌ಶೈರಿನ ರಾಡ್‌ಮಾರ್ಟನ್ ಎಂಬಲ್ಲಿನ ದಿಬ್ಬದ ಕೋಣೆಯ ಬಾಗಿಲಿಗೂ ಇಂಥದೇ ಕಿಂಡಿಯಿರುವುದನ್ನು ಚಿತ್ರದಲ್ಲಿ ಕಂಡೆ. ನಿಲ್ಲಿಸಿದ ಕಲ್ಲು, ಹೊದಿಸಿದ ಕಲ್ಲು, ನಡುವೆ ಕಿಂಡಿ, ಒಳಗೆ ಒಬ್ಬರಿಗಿಂತ ಹೆಚ್ಚು ಜನರ ಮೂಳೆಗಳು ಎಂಬ ವಿವರಣೆಯನ್ನು ಓದಿದಾಗ, ಊರಿನ ಹೆಸರನ್ನು ಮರೆಮಾಡಿದರೆ ಅದು ನಮ್ಮ ಗೋಮಾಳದ ವರ್ಣನೆಯೇ ಎನ್ನಿಸಿತು. ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ಆ ಚಿತ್ರವನ್ನು ನೋಡಿ, “ಸಾರ್, ಎರಡನ್ನೂ ಕಟ್ಟಿದವರು ಒಂದೇ ಜನವೇ?” ಎಂದು ಕೇಳಿದ್ದಾನೆ. ಅವನಿಗೆ ಸರಿಯಾದ ಉತ್ತರವನ್ನು ಕೊಡಬೇಕೆಂದಿದ್ದೇನೆ. ನೀಳದಿಬ್ಬ ಎಂದರೆ ನಿಜವಾಗಿ ಏನು, ಅದರ ಕಾಲವೆಷ್ಟು, ನಮ್ಮ ಕಲ್ಮನೆಗಳ ಕಾಲವೆಷ್ಟು, ಎರಡಕ್ಕೂ ನಂಟಿದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಅಂತರಗಂಗೆ ಓದುಗಳು, ಕೋಲಾರ

ಮೇಷ್ಟ್ರೇ, ನಮಸ್ಕಾರ. ನಾನು ಪದವಿ ತರಗತಿಗಳಿಗೆ ಇತಿಹಾಸವನ್ನು ಕಲಿಸುವವಳು. ನಮ್ಮ ನೆಲದ ವಿಚಾರವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರಾದ್ದರಿಂದ, ನಿಮ್ಮ ಪ್ರಶ್ನೆಯ ಮೊದಲ ಭಾಗವನ್ನಷ್ಟೇ ಎತ್ತಿಕೊಳ್ಳುತ್ತೇನೆ.

ನೀಳದಿಬ್ಬಗಳನ್ನು ಕಟ್ಟಿದವರು ಬ್ರಿಟನ್ನಿನ ಮೊದಲ ಬೇಸಾಯಗಾರರು. ಬೇಸಾಯವೂ ಸಾಕುಪ್ರಾಣಿಗಳೂ ಯೂರೋಪಿನ ಮುಖ್ಯಭೂಮಿಯಿಂದ ಆ ದ್ವೀಪಕ್ಕೆ ಬಂದದ್ದು ಸುಮಾರು ಕ್ರಿ.ಪೂ. 4000ದ ಹೊತ್ತಿಗೆ, ಅದಾದ ಕೆಲವೇ ತಲೆಮಾರುಗಳಲ್ಲಿ, ಅಂದರೆ ಸುಮಾರು ಕ್ರಿ.ಪೂ. 3800ರಿಂದ, ಈ ದಿಬ್ಬಗಳು ಏಳತೊಡಗುತ್ತವೆ. ಎರಡು ಪಕ್ಕಗಳಲ್ಲಿಯೂ ಉದ್ದನೆಯ ಕಂದಕವನ್ನು ತೋಡಿ, ಅದರಿಂದ ಬಂದ ಸುಣ್ಣಮಣ್ಣನ್ನೂ ಕಲ್ಲನ್ನೂ ನಡುವೆ ಪೇರಿಸಿ, ಒಂದು ತುದಿ ಅಗಲವಾಗಿ ಎತ್ತರವಾಗಿಯೂ ಇನ್ನೊಂದು ತುದಿ ಕಿರಿದಾಗಿ ತಗ್ಗಾಗಿಯೂ ಇರುವಂತೆ ಕಟ್ಟುವುದು ಸಾಮಾನ್ಯ ರೀತಿ. ಕಲ್ಲು ಸಿಗುವ ಪ್ರದೇಶಗಳಲ್ಲಿ ಅಗಲವಾದ ತುದಿಯಲ್ಲೋ ಪಕ್ಕಗಳಲ್ಲೋ ಕಲ್ಲಿನ ಕೋಣೆಗಳಿರುತ್ತವೆ. ಕಲ್ಲು ಸಿಗದ ಕಡೆ ಮರದ ದಿಮ್ಮಿಗಳಿಂದ ಮಾಡಿದ ಗೂಡಿನಲ್ಲಿ ಶವಗಳನ್ನಿರಿಸಿ, ಅನಂತರ ಅದರ ಮೇಲೆ ದಿಬ್ಬವನ್ನು ಎತ್ತುತ್ತಿದ್ದರು. ಪಾಲ್ ಆಶ್ಬಿಯವರು 1957ರಲ್ಲಿ ಅಗೆದ ಫಸೆಲ್ಸ್ ಲಾಡ್ಜ್ ಎಂಬ ದಿಬ್ಬ ಈ ಎರಡನೆಯ ಬಗೆಯದು. ಇಂಗ್ಲೆಂಡಿನಲ್ಲಿ ಇಂಥ ಸುಮಾರು 500 ದಿಬ್ಬಗಳು ಗುರುತಿಗೆ ಸಿಕ್ಕಿವೆ.

ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ವಿಲ್ಟ್‌ಶೈರಿನ ವೆಸ್ಟ್ ಕೆನೆಟ್. ದಿಬ್ಬದ ಉದ್ದ ಸುಮಾರು 100 ಮೀಟರ್. ಆದರೆ ಮನುಷ್ಯರನ್ನು ಇರಿಸಿದ್ದು ಪೂರ್ವದ ತುದಿಯಲ್ಲಿರುವ ಐದು ಕಲ್ಲುಕೋಣೆಗಳಲ್ಲಿ ಮಾತ್ರ, ಉಳಿದದ್ದೆಲ್ಲ ಬರಿಯ ದಿಬ್ಬ. ಈ ಸಂಗತಿಯನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುವುದು ಒಳ್ಳೆಯದು; ಶವಗಳಿಗೆ ಬೇಕಾದ ಜಾಗಕ್ಕಿಂತ ಎಷ್ಟೋ ಪಾಲು ಹೆಚ್ಚು ದುಡಿಮೆಯನ್ನು ದೂರದಿಂದ ಕಾಣುವ ಆಕಾರಕ್ಕಾಗಿ ಅವರು ಸುರಿದಿದ್ದಾರೆ. ಅಷ್ಟೇ ಅಲ್ಲ, ಅದೇ ಸೀಮೆಯ ಸೌತ್ ಸ್ಟ್ರೀಟ್ ಮತ್ತು ಬೆಕ್‌ಹ್ಯಾಂಪ್ಟನ್ ರೋಡ್ ದಿಬ್ಬಗಳನ್ನು ಕ್ರಮಬದ್ಧವಾಗಿ ಅಗೆದಾಗ ಮನುಷ್ಯರ ಸಮಾಧಿಯೇ ಸಿಗಲಿಲ್ಲ. ಹಾಗಾಗಿ ನೀಳದಿಬ್ಬವನ್ನು ಸ್ಮಶಾನ ಎಂದು ಕರೆದು ಸುಮ್ಮನಾಗುವಂತಿಲ್ಲ. ಹೊಸದಾಗಿ ಉಳತೊಡಗಿದ ನೆಲದ ಮೇಲೆ ತಮ್ಮ ಹಕ್ಕನ್ನು ಸಾರಲು ಎತ್ತಿದ ಗುರುತುಗಳಿವು ಎಂದು ಪುರಾತತ್ವಜ್ಞ ಕಾಲಿನ್ ರೆನ್‌ಫ್ರೂ 1970ರ ದಶಕದಲ್ಲಿ ವಾದಿಸಿದರು. ಮಧ್ಯ ಯೂರೋಪಿನ ಹಳೆಯ ಬೇಸಾಯಗಾರರು ವಾಸಿಸುತ್ತಿದ್ದ ಉದ್ದನೆಯ ಮರದ ಮನೆಗಳ ನೆನಪಿನಲ್ಲಿ, ಸತ್ತವರಿಗಾಗಿ ಮಣ್ಣಿನ ಉದ್ದಮನೆಯನ್ನು ಕಟ್ಟಿದರೆಂಬುದು ಇನ್ನೊಂದು ವಾದ. ಹೆರೆಫರ್ಡ್‌ಶೈರಿನ ಡಾರ್‌ಸ್ಟನ್ ಬೆಟ್ಟದಲ್ಲಿ, ದೊಡ್ಡ ಮರದ ಮನೆಗಳನ್ನು ಬೇಕೆಂದೇ ಸುಟ್ಟು, ಆ ಬೂದಿ ಮತ್ತು ಸುಟ್ಟ ಮಣ್ಣಿನ ಮೇಲೆಯೇ ನೀಳದಿಬ್ಬಗಳನ್ನು ಎತ್ತಿರುವುದು 2013ರಲ್ಲಿ ಬೆಳಕಿಗೆ ಬಂದ ಮೇಲೆ ಈ ಎರಡನೆಯ ವಾದಕ್ಕೆ ಬಲ ಬಂದಿದೆ. ನನ್ನ ಒಲವೂ ಅದರ ಕಡೆಗೇ.

ಇನ್ನು ಕಾಲ. ಈ ದಿಬ್ಬಗಳು ನೂರಾರು ವರ್ಷ ನಿರಂತರವಾಗಿ ಬಳಕೆಯಲ್ಲಿದ್ದುವೆಂದು ಬಹುಕಾಲ ನಂಬಲಾಗಿತ್ತು. ವೆಸ್ಟ್ ಕೆನೆಟ್ ಸೇರಿದಂತೆ ಐದು ದಿಬ್ಬಗಳ ಮೂಳೆಗಳ ರೇಡಿಯೋ ಕಾರ್ಬನ್ ಕಾಲಗಳನ್ನು ಸಂಖ್ಯಾಶಾಸ್ತ್ರದ ನೆರವಿನಿಂದ ಹೊಸದಾಗಿ ಲೆಕ್ಕ ಹಾಕಿದ ಅಲೆಕ್ಸ್ ಬೇಲಿಸ್, ಅಲಸ್ಡೇರ್ ವಿಟ್ಲ್ ಮತ್ತು ಸಂಗಡಿಗರು 2007ರಲ್ಲಿ ಬೇರೆಯೇ ಚಿತ್ರವನ್ನು ಕೊಟ್ಟರು. ವೆಸ್ಟ್ ಕೆನೆಟ್ಟಿನಲ್ಲಿ ಮೊದಲ ಸುತ್ತಿನ ಶವಗಳನ್ನೆಲ್ಲ ಇರಿಸಿದ್ದು ಕ್ರಿ.ಪೂ. 3650ರ ಆಸುಪಾಸಿನ ಒಂದು ತಲೆಮಾರಿನ ಒಳಗೆ. ಅಲ್ಲಿದ್ದವರ ಸಂಖ್ಯೆ ಸುಮಾರು 36. ಆಮೇಲೆ ಬಹುಕಾಲದವರೆಗೆ ಕೋಣೆಗಳಿಗೆ ಮಣ್ಣನ್ನೂ ಮಡಕೆಚೂರುಗಳನ್ನೂ ತುಂಬುತ್ತಾ ಹೋಗಿ, ಕಡೆಗೆ ಬಾಗಿಲಿಗೆ ಅಡ್ಡಲಾಗಿ ದೈತ್ಯ ಬಂಡೆಗಳನ್ನು ನಿಲ್ಲಿಸಿ ಮುಚ್ಚಿದ್ದಾರೆ. ಕಟ್ಟಿದವರು ಬಳಸಿದ್ದು ಅಲ್ಪಕಾಲ. ಅದನ್ನು ನೆನೆದು ನಡೆದುಕೊಂಡವರ ಕಾಲ ಅದರ ಹತ್ತಾರು ಪಟ್ಟು ದೀರ್ಘ.

ಉತ್ತರ: ಕೈವಾರದ ದಾರಿಹೋಕ, ಚಿಂತಾಮಣಿ

ಮೇಡಂ ಅವರ ವಿವರಣೆ ಚೆನ್ನಾಗಿದೆ. ಆದರೆ ಮೇಷ್ಟ್ರು ಎತ್ತಿದ ಹೋಲಿಕೆಯನ್ನು ಅಷ್ಟು ಸುಲಭವಾಗಿ ಕೈಬಿಡಬಾರದೆಂದು ನನ್ನ ಅಭಿಪ್ರಾಯ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1850ರ ದಶಕದಲ್ಲಿ ಜೇವರ್ಗಿ ಮೊದಲಾದ ಕಡೆ ಕಲ್ಗೋರಿಗಳನ್ನು ಅಗೆಸಿ, ಬ್ರಿಟನ್ನಿನ ಪ್ರಾಚೀನ ಸಮಾಧಿಗಳಿಗೂ ಇವಕ್ಕೂ ಇರುವ ಸಾಮ್ಯವನ್ನು ಕಂಡು ಬೆರಗಾಗಿ, ಇವು ಯೂರೋಪಿನ ಪ್ರಾಚೀನ ಜನರಾದ ಕೆಲ್ಟರದ್ದೋ ಮಧ್ಯ ಏಷ್ಯಾದ ಕಡೆಯ ಸಿಥಿಯನ್ನರದ್ದೋ ಆಗಿರಬೇಕೆಂದು ಬರೆದನು. ಕಣ್ಣಾರೆ ಕಂಡು, ಅಳತೆ ತೆಗೆದು, ನಕ್ಷೆ ಬರೆದ ಮನುಷ್ಯನ ಮಾತು ಅದು. ಕಲ್ಲನ್ನು ನಿಲ್ಲಿಸಿ ಹೊದಿಸುವುದು ಯಾರಿಗಾದರೂ ಹೊಳೆಯಬಹುದಾದ ಉಪಾಯವೆಂದು ಒಪ್ಪುತ್ತೇನೆ. ಗಟ್ಟಿಕಲ್ಲಿನಲ್ಲಿ ದುಂಡಾದ ಕಿಂಡಿಯನ್ನು ಕೊರೆಯುವ ಕಷ್ಟದ ಕೆಲಸವೂ ಎರಡು ಕಡೆ ತಾನಾಗಿಯೇ ಹುಟ್ಟಿತೆಂದು ಹೇಳುವುದು ಹೇಗೆ? ಕಡಲ ದಾರಿಯಲ್ಲಿ ಜನರು ಬಂದಿರಲಾರರೇ?

ಉತ್ತರ: ಕಲ್ಲುಗುಡ್ಡದವರು, ತುಮಕೂರು

ಮೇಷ್ಟ್ರೇ, ಮೇಡಂ, ಚಿಂತಾಮಣಿಯ ಸ್ನೇಹಿತರೇ, ಎಲ್ಲರಿಗೂ ವಂದನೆಗಳು. ಭೂವಿಜ್ಞಾನದ ಕೆಲಸದಿಂದ ನಿವೃತ್ತನಾದವನು ನಾನು. ಕಲ್ಲನ್ನು ಹುಡುಕುತ್ತಾ ಹೋದವನಿಗೆ ಕಲ್ಗೋರಿಗಳು ಎದುರಾಗದೆ ಇರುವುದಿಲ್ಲ.

ಟೇಲರನ ಕಾಲದಲ್ಲಿ ವಯಸ್ಸನ್ನು ಅಳೆಯುವ ಸಾಧನವೇ ಇರಲಿಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಆಕಾರ ಒಂದೇ ಆಗಿದ್ದರೆ ಜನವೂ ಒಂದೇ ಎನ್ನುವುದನ್ನು ಬಿಟ್ಟರೆ ಅವನಿಗೆ ಬೇರೆ ದಾರಿಯಿರಲಿಲ್ಲ. ಇಂದು ನಮಗೆ ತಿಳಿದಿರುವಂತೆ ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳು ಬಹುಪಾಲು ಕಬ್ಬಿಣಯುಗದವು, ಸ್ಥೂಲವಾಗಿ ಕ್ರಿ.ಪೂ. 1200ರಿಂದ ಕ್ರಿ.ಪೂ. 300ರವರೆಗಿನವು, ಕೆಲವು ಕಡೆ ಈ ಪದ್ಧತಿ ಕ್ರಿಸ್ತಶಕದ ಮೊದಲ ಶತಮಾನಗಳವರೆಗೂ ಮುಂದುವರಿಯಿತು. ವೆಸ್ಟ್ ಕೆನೆಟ್ಟಿನ ಕೋಣೆಗಳಿಗೆ ಶವಗಳನ್ನು ಇರಿಸಿದ ಮೇಲೆ, ನಮ್ಮಲ್ಲಿ ಮೊದಲ ಕಲ್ಮನೆ ಏಳುವ ಹೊತ್ತಿಗೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಕಳೆದಿತ್ತು. ಆ ವೇಳೆಗೆ ಬ್ರಿಟನ್ನಿನಲ್ಲಿ ನೀಳದಿಬ್ಬಗಳನ್ನು ಕಟ್ಟುವವರು ಯಾರೂ ಉಳಿದಿರಲಿಲ್ಲ; ದುಂಡುದಿಬ್ಬಗಳ ಕಂಚಿನ ಯುಗವೂ ಅಲ್ಲಿ ಬಹುಮಟ್ಟಿಗೆ ಮುಗಿದಿತ್ತು. ಕಡಲ ದಾರಿಯಲ್ಲಿ ಬಂದವರು ನಡುವೆ ಎರಡು ಸಾವಿರ ವರ್ಷ ಎಲ್ಲಿ ತಂಗಿದ್ದರೆಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆ ವಾದ ನಿಲ್ಲುವುದಿಲ್ಲ.

ನಮ್ಮ ಕಡೆಯ ಕಾಲಗಣನೆ ಸ್ಥಿರವಾಗುವುದಕ್ಕೂ ಸಮಯ ಹಿಡಿಯಿತು. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿ, ಕೆಳಗೆ ನಯಗೊಳಿಸಿದ ಕಲ್ಗೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾ ಸಮಾಧಿಯ ಜನ, ಅದರ ಮೇಲೆ ಶಾತವಾಹನರ ಕಾಲದ ನೆಲೆ ಎಂಬ ಪದರಗಳ ಅನುಕ್ರಮವನ್ನು ಖಚಿತವಾಗಿ ತೋರಿಸಿಕೊಟ್ಟರು. ಅನುಕ್ರಮ ಸರಿಯಾಗಿತ್ತು, ಆದರೆ ಮೇಲಿನ ಪದರದ ರೋಮನ್ ನಂಟಿನ ವಸ್ತುಗಳಿಂದ ಹಿಂದಕ್ಕೆ ಎಣಿಸಿ, ಸಮಾಧಿಗಳನ್ನು ಕಟ್ಟುವ ಪದ್ಧತಿ ಅಲ್ಲಿ ಕ್ರಿ.ಪೂ. 200ರ ಸುಮಾರಿಗೆ ಆರಂಭವಾಯಿತೆಂದು ಅವರು ಹೇಳಿದ್ದು ತೀರ ಈಚಿನ ಕಾಲವಾಯಿತು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಈಗಿನ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ನಡೆಸಿದ ಉತ್ಖನನದಿಂದ ಕಬ್ಬಿಣದ ಬಳಕೆ ಸುಮಾರು ಕ್ರಿ.ಪೂ. 1000ದಷ್ಟು ಹಿಂದಕ್ಕೆ ಹೋದಾಗ ಕರ್ನಾಟಕದ ಕಲ್ಗೋರಿಗಳ ಕಾಲವೂ ಹಿಂದಕ್ಕೆ ಸರಿಯಿತು.

ಕ್ರಿ.ಪೂ. 3650ರಲ್ಲಿ, ಇಂಗ್ಲೆಂಡಿನವರು ನೀಳದಿಬ್ಬಗಳನ್ನು ಎತ್ತುತ್ತಿದ್ದಾಗ, ನಮ್ಮ ಸೀಮೆಯಲ್ಲಿ ಬೇಸಾಯವೇ ಇನ್ನೂ ಆರಂಭವಾಗಿರಲಿಲ್ಲ. ಕರ್ನಾಟಕದ ನವಶಿಲಾಯುಗ ಮೊದಲಾಗುವುದು ಸುಮಾರು ಕ್ರಿ.ಪೂ. 3000ದಲ್ಲಿ. ಆದ್ದರಿಂದ ನವಶಿಲಾಯುಗಕ್ಕೆ ನವಶಿಲಾಯುಗವನ್ನೇ ಹೋಲಿಸುವುದಾದರೆ ನೀವು ಕಲ್ಮನೆಗಳನ್ನು ಬಿಟ್ಟು ರಾಯಚೂರು, ಬಳ್ಳಾರಿ, ಯಾದಗಿರಿ ಸೀಮೆಯ ಬೂದಿದಿಬ್ಬಗಳ ಕಡೆಗೆ ನೋಡಬೇಕು. ಕುಡತಿನಿ, ಕುಪ್ಪಗಲ್ಲು, ಬೂದಿಹಾಳಗಳಲ್ಲಿ ಇವನ್ನು ಇಂದಿಗೂ ಕಾಣಬಹುದು. ಇವು ಜ್ವಾಲಾಮುಖಿಯ ಅವಶೇಷಗಳೆಂದೂ, ಹಳೆಯ ಕುಲುಮೆಗಳೆಂದೂ, ಸಾಮೂಹಿಕ ದಹನದ ಜಾಗಗಳೆಂದೂ ಒಂದೊಂದು ಕಾಲದಲ್ಲಿ ಒಬ್ಬೊಬ್ಬರು ಹೇಳಿದ್ದರು. ದನದ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಉಂಟಾದ ದಿಬ್ಬಗಳಿವು ಎಂಬುದನ್ನು ರೇಮಂಡ್ ಆಲ್ಚಿನ್ 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದು ಸ್ಥಿರಪಡಿಸಿದರು, ಮುಂದೆ ಕೆ. ಪದ್ದಯ್ಯನವರು ಬೂದಿಹಾಳದಲ್ಲಿ ಮಾಡಿದ ಕೆಲಸ ಆ ತಿಳಿವಳಿಕೆಯನ್ನು ಬಹಳಷ್ಟು ವಿಸ್ತರಿಸಿತು. ನಮ್ಮ ನವಶಿಲಾಯುಗದವರೂ ದಿಬ್ಬಗಳನ್ನು ಎತ್ತಿದರು, ಅವು ದೂರದಿಂದ ಕಾಣುವಂತೆಯೂ ಇದ್ದುವು, ಆದರೆ ಸತ್ತವರಿಗಾಗಿ ಅಲ್ಲ. ಸತ್ತ ದೊಡ್ಡವರನ್ನು ಅವರು ಸಾಮಾನ್ಯವಾಗಿ ವಾಸದ ನೆಲೆಯಲ್ಲಿಯೇ ಗುಂಡಿ ತೋಡಿ ಹೂಳುತ್ತಿದ್ದರು, ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ನವಶಿಲಾಯುಗ ಎಂಬ ಒಂದೇ ಹೆಸರಿನಡಿಯಲ್ಲಿ ಎರಡು ನಾಡುಗಳ ರೂಢಿ ಇಷ್ಟು ಭಿನ್ನವಾಗಿದ್ದುದನ್ನು ನಿಮ್ಮ ವಿದ್ಯಾರ್ಥಿಗೆ ಅಗತ್ಯವಾಗಿ ತಿಳಿಸಿ. ಕಿಂಡಿಯ ಹೋಲಿಕೆಗಿಂತ ಇದು ಹೆಚ್ಚು ಯೋಚನೆಗೆ ಹಚ್ಚುವ ಸಂಗತಿ.

ಕಿಂಡಿಯ ಮಾತಿಗೆ ಬರುತ್ತೇನೆ. ಬ್ರಹ್ಮಗಿರಿಯಲ್ಲಿ ವೀಲರ್ ಅಗೆದ ಕಲ್ಲುಪೆಟ್ಟಿಗೆ ಸಮಾಧಿಗಳಲ್ಲಿ ನಾಲ್ಕು ಚಪ್ಪಡಿಗಳನ್ನು ಸ್ವಸ್ತಿಕದ ತೋಳುಗಳಂತೆ ಒಂದರ ಅಂಚು ಇನ್ನೊಂದನ್ನು ದಾಟಿ ನಿಲ್ಲುವಂತೆ ಜೋಡಿಸಿ, ಪೂರ್ವದ ಚಪ್ಪಡಿಯಲ್ಲಿ ಕಿಂಡಿಯನ್ನು ಕೊರೆದಿದ್ದರು. ಒಳಗೆ ಸಿಕ್ಕಿದ್ದು ಬಿಡಿಮೂಳೆಗಳು, ಕಪ್ಪು ಮತ್ತು ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಸಾಮಾನುಗಳು. ಶವವನ್ನು ಮೊದಲು ಬೇರೆಡೆ ಇರಿಸಿ, ಮಾಂಸ ಕರಗಿದ ಮೇಲೆ ಮೂಳೆಗಳನ್ನು ಆರಿಸಿ ತಂದು ಪೆಟ್ಟಿಗೆಯೊಳಗೆ ಇಡುತ್ತಿದ್ದರು ಎಂಬುದು ಅವರ ತೀರ್ಮಾನ. ಒಂದೇ ಸಮಾಧಿಯನ್ನು ಮತ್ತೆ ಮತ್ತೆ ತೆರೆದು ಬಳಸಬೇಕಾದಾಗ, ಹಲವು ಟನ್ ತೂಕದ ಮುಚ್ಚುಗಲ್ಲನ್ನು ಸರಿಸುವುದು ಸಾಧ್ಯವಿಲ್ಲದ ಕಡೆ, ಪಕ್ಕದಲ್ಲೊಂದು ದಾರಿ ಬೇಕೇ ಬೇಕು. ರಾಡ್‌ಮಾರ್ಟನ್ನಿನವರ ಕಷ್ಟವೂ ಅದೇ, ಕೋಲಾರ ಸೀಮೆಯವರ ಕಷ್ಟವೂ ಅದೇ; ಪರಿಹಾರ ಒಂದೇ ಆದದ್ದರಲ್ಲಿ ಆಶ್ಚರ್ಯವಿಲ್ಲ. ಕೊರೆದ ಬಗೆಯಲ್ಲಿಯೂ ವ್ಯತ್ಯಾಸವಿದೆ. ಅಲ್ಲಿ ಅಕ್ಕಪಕ್ಕದ ಎರಡು ಸುಣ್ಣದ ಕಲ್ಲುಗಳ ಅಂಚನ್ನು ಅರೆವೃತ್ತವಾಗಿ ಕಡೆದು, ಜೋಡಿಸಿದಾಗ ಕಿಂಡಿಯಾಗುವಂತೆ ಮಾಡಿದ್ದಾರೆ. ನಮ್ಮಲ್ಲಿ ಇಡಿಯ ಕಣಶಿಲೆಯ, ಅಂದರೆ ಗ್ರಾನೈಟಿನ, ಚಪ್ಪಡಿಯ ಮೈಯಲ್ಲಿಯೇ ರಂಧ್ರ ಕೊರೆಯುತ್ತಾರೆ. ಸುಣ್ಣದ ಕಲ್ಲು ಮೆದು, ನಮ್ಮ ಕಲ್ಲು ಗಡುಸು. ಆದರೆ ನಮ್ಮ ಬಂಡೆಗಳು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಏಳುವುದರಿಂದ, ಮೇಲೆ ಬೆಂಕಿ ಹಾಕಿ ಕಾಯಿಸಿದರೆ ದೊಡ್ಡ ಚಪ್ಪಡಿಗಳು ಸಿಗುತ್ತವೆ. ಕಲ್ಲು ಒಡೆಯುವವರು ತೀರ ಈಚಿನವರೆಗೂ ಇದೇ ಉಪಾಯದಿಂದ ಚಪ್ಪಡಿ ಎಬ್ಬಿಸುತ್ತಿದ್ದರು. ಕೋಲಾರದಿಂದ ಕೃಷ್ಣಗಿರಿಯ ಮಲ್ಲಚಂದ್ರದವರೆಗೂ, ಅತ್ತ ಚಿತ್ತೂರಿನ ಕಡೆಗೂ ಚಪ್ಪಡಿಯ ಕಲ್ಮನೆಗಳು ಇಷ್ಟು ದಟ್ಟವಾಗಿರುವುದಕ್ಕೆ ಈ ಬಂಡೆಯ ಗುಣವೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಪಾಂಡವರ ಹೆಸರಿನ ಬಗೆಗೆ ಒಂದು ಮಾತು. ಕೈವಾರದಲ್ಲಿ ಭೀಮ ಬಕಾಸುರನನ್ನು ಕೊಂದನೆನ್ನುವ, ಆವಣಿಯಲ್ಲಿ ಸೀತೆ ಲವಕುಶರನ್ನು ಹೆತ್ತಳೆನ್ನುವ ಸೀಮೆ ನಮ್ಮದು. ಕಟ್ಟಿದವರು ಯಾರೆಂದು ತಿಳಿಯದ ಕಲ್ಮನೆಗಳು ಪಾಂಡವರ ಪಾಲಿಗೆ ಬಂದದ್ದು ಸಹಜವೇ. ಕೊಪ್ಪಳದ ಹಿರೇಬೆಣಕಲ್ಲಿನಲ್ಲಿ ಸುಮಾರು 400 ರಚನೆಗಳಿದ್ದು, ಅಲ್ಲಿಯವರು ಅವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಇಂಗ್ಲೆಂಡಿನಲ್ಲಿಯೂ ಆಕ್ಸ್‌ಫರ್ಡ್‌ಶೈರಿನ ನೀಳದಿಬ್ಬವೊಂದಕ್ಕೆ ವೇಲ್ಯಾಂಡನ ಕುಲುಮೆಯೆಂಬ ಹೆಸರಿದೆ. ಸ್ಯಾಕ್ಸನ್ನರ ದಂತಕಥೆಯ ಕಮ್ಮಾರ ಅವನು, ಕುದುರೆಯನ್ನು ಅಲ್ಲಿ ಕಟ್ಟಿ ನಾಣ್ಯವಿಟ್ಟು ಹೋದರೆ ಲಾಳ ಕಟ್ಟಿರುತ್ತಾನಂತೆ. ದಿಬ್ಬ ಎದ್ದು ನಾಲ್ಕು ಸಾವಿರ ವರ್ಷಗಳಾದ ಮೇಲೆ ಅಂಟಿಕೊಂಡ ಹೆಸರದು.

ಪ್ರಶ್ನೆ ಕೇಳಿದವರು: ಗಡಿಸೀಮೆ ಮೇಷ್ಟ್ರು

ತಮಗೂ ಮೇಡಂ ಅವರಿಗೂ ಬಹಳ ಉಪಕಾರವಾಯಿತು. ಇನ್ನೊಂದೇ ಸಂದೇಹ. ಒಳಗೆ ಇರಿಸುತ್ತಿದ್ದುದು ಯಾರನ್ನು? ಊರಿನ ಎಲ್ಲರನ್ನೂ ಇರಲಾರದು, ಸಂಖ್ಯೆ ಅಷ್ಟಿಲ್ಲ. ಒಂದೇ ಮನೆತನದವರೇ, ಮುಖಂಡರೇ, ಪೂಜಾರಿಗಳೇ? ನಮ್ಮ ಕಲ್ಮನೆಗಳ ವಿಷಯದಲ್ಲಿ ಇದನ್ನು ತಿಳಿಯಲು ದಾರಿಯಿದೆಯೇ?

ಉತ್ತರ: ಅಂತರಗಂಗೆ ಓದುಗಳು, ಕೋಲಾರ

ಒಂದು ನೀಳದಿಬ್ಬದ ಮಟ್ಟಿಗೆ ಇದಕ್ಕೆ ಅಚ್ಚರಿಯಾಗುವಷ್ಟು ಸ್ಪಷ್ಟವಾದ ಉತ್ತರ ಸಿಕ್ಕಿದೆ. ಗ್ಲಾಸ್ಟರ್‌ಶೈರಿನ ಹೇಜಲ್‌ಟನ್ ನಾರ್ತ್ ಎಂಬ ದಿಬ್ಬವನ್ನು ಅಲನ್ ಸ್ಯಾವಿಲ್ 1979ರಿಂದ 1982ರವರೆಗೆ ಪೂರ್ತಿಯಾಗಿ, ಪ್ರತಿಯೊಂದು ಮೂಳೆಯ ಸ್ಥಾನವನ್ನೂ ಗುರುತಿಸಿಕೊಂಡು ಅಗೆದಿದ್ದರು. ಆ ಮೂಳೆಗಳಿಂದ ತೆಗೆದ ಡಿಎನ್‌ಎಯ ಅಧ್ಯಯನ 2021ರ ಕೊನೆಯಲ್ಲಿ ಹೊರಬಂದಿತು. ಪರೀಕ್ಷೆಗೆ ಒಳಪಟ್ಟ 35 ಜನರಲ್ಲಿ 27 ಜನ ಒಂದೇ ಕುಟುಂಬದವರು, ಐದು ತಲೆಮಾರಿನವರು. ಮೂಲಪುರುಷ ಒಬ್ಬನೇ, ಅವನಿಗೆ ನಾಲ್ವರು ಹೆಂಗಸರಲ್ಲಿ ಮಕ್ಕಳಾಗಿದ್ದರು, ಉಳಿದವರಲ್ಲಿ ಹೆಚ್ಚಿನವರು ಆ ಮಕ್ಕಳ ಸಂತತಿ. ಇನ್ನೂ ಸೋಜಿಗದ ಸಂಗತಿಯೆಂದರೆ, ದಿಬ್ಬಕ್ಕೆ ಉತ್ತರದಿಂದ ಒಂದು, ದಕ್ಷಿಣದಿಂದ ಒಂದು ಪ್ರವೇಶವಿದ್ದು, ಇಬ್ಬರು ಹೆಂಗಸರ ಸಂತತಿ ಒಂದು ಬದಿಯ ಕೋಣೆಗಳಲ್ಲಿಯೂ ಇನ್ನಿಬ್ಬರ ಸಂತತಿ ಮುಖ್ಯವಾಗಿ ಇನ್ನೊಂದು ಬದಿಯಲ್ಲಿಯೂ ಇದ್ದುವು. ವಂಶವನ್ನು ಗಂಡಿನ ಕಡೆಯಿಂದ ಎಣಿಸುತ್ತಿದ್ದರೂ, ಯಾವ ತಾಯಿಯ ಕವಲು ಎಂಬುದನ್ನು ಐದನೆಯ ತಲೆಮಾರಿನವರೆಗೂ ಮರೆತಿರಲಿಲ್ಲ. ವಯಸ್ಸಿಗೆ ಬಂದ ಹೆಣ್ಣುಮಕ್ಕಳು ಅಲ್ಲಿ ಸಿಗಲಿಲ್ಲ. ಮದುವೆಯಾಗಿ ಹೋದವರು ಗಂಡನ ಮನೆಯವರ ಸಮಾಧಿಯನ್ನು ಸೇರಿದರೆಂದು ಊಹಿಸಬಹುದು. ಕುಟುಂಬದ ಹೆಂಗಸರಿಗೆ ಬೇರೆ ಗಂಡಸರಿಂದ ಹುಟ್ಟಿದ ಗಂಡುಮಕ್ಕಳೂ ಒಳಗಿದ್ದರು, ಅಂದರೆ ಅವರನ್ನು ಮನೆತನಕ್ಕೆ ಸೇರಿಸಿಕೊಂಡಿದ್ದರು. ಉಳಿದ ಎಂಟು ಮಂದಿಗೆ ಈ ಕುಟುಂಬದೊಂದಿಗೆ ರಕ್ತಸಂಬಂಧವೇ ಕಾಣಲಿಲ್ಲ. ಅವರಲ್ಲಿ ಮೂವರು ಹೆಂಗಸರು ಸೊಸೆಯರಾಗಿ ಬಂದವರಾಗಿದ್ದಿರಬಹುದು. ಒಂದು ದಿಬ್ಬದ ಈ ಫಲಿತಾಂಶವನ್ನು ಎಲ್ಲ ದಿಬ್ಬಗಳಿಗೂ ಹಚ್ಚುವಂತಿಲ್ಲ ಎಂಬ ಎಚ್ಚರಿಕೆಯೊಂದಿಗೆ ಇದನ್ನು ತರಗತಿಯಲ್ಲಿ ಹೇಳಿ.

ನಮ್ಮ ಕಡೆ ಇದೇ ದಾರಿಯಲ್ಲಿ ನಡೆಯುವುದು ಕಷ್ಟ. ಸುಣ್ಣದ ಮಣ್ಣೂ ತಣ್ಣನೆಯ ಹವೆಯೂ ಮೂಳೆಯನ್ನು ಕಾಪಾಡುತ್ತವೆ. ಕಣಶಿಲೆ ಕರಗಿ ಉಂಟಾದ ನಮ್ಮ ಹುಳಿಗುಣದ ಕೆಂಪುಮಣ್ಣು, ಬಿಸಿಲು, ಮಳೆ ಎಲ್ಲವೂ ಅದಕ್ಕೆ ವೈರಿಗಳು. ಹರಪ್ಪ ನಾಗರಿಕತೆಯ ನೆಲೆಯಾದ ಹರಿಯಾಣದ ರಾಖಿಗಢಿಯಲ್ಲಿ ಅರವತ್ತಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿ, ಕಡೆಗೆ ಒಂದೇ ಒಂದರಿಂದ ಉಪಯೋಗಕ್ಕೆ ಬರುವ ಡಿಎನ್‌ಎ ದೊರೆತು 2019ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ತಿಳಿಯಬೇಕಾದದ್ದನ್ನು ಮಡಕೆಗಳು, ಕಬ್ಬಿಣ, ಮಣಿಗಳು, ಮೂಳೆಗಳನ್ನು ಜೋಡಿಸಿಟ್ಟ ಕ್ರಮ ಇವುಗಳಿಂದಲೇ ತಿಳಿಯಬೇಕು. ಆದ್ದರಿಂದಲೇ ಯಾವ ವಸ್ತು ಎಲ್ಲಿ, ಯಾವ ಪದರದಲ್ಲಿ ಇತ್ತೆಂಬುದು ಕದಡಿಹೋದರೆ ಆ ಸಮಾಧಿಯಿಂದ ಮತ್ತೇನನ್ನೂ ಕೇಳುವಂತಿಲ್ಲ.

ಉತ್ತರ: ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಮೇಡಂ ಅವರ ಕಡೆಯ ಮಾತಿಗೆ ಪೂರಕವಾಗಿ ಬರೆಯುತ್ತಿದ್ದೇನೆ. ನಮ್ಮ ಹಳ್ಳಿಯ ಬಳಿಯ ಕಲ್ಮನೆಗಳಲ್ಲಿ ಹೆಚ್ಚಿನವುಗಳ ನೆಲವನ್ನು ನಿಧಿಗಳ್ಳರು ಬಗೆದುಹಾಕಿದ್ದಾರೆ. ಚಿನ್ನದ ಗಣಿಯ ನಾಡಾದ್ದರಿಂದ ಯಾವ ಕಲ್ಲಿನ ಕೆಳಗೂ ಚಿನ್ನವಿದೆಯೆಂದು ನಂಬುವವರಿಗೆ ಇಲ್ಲಿ ಬರವಿಲ್ಲ. ಇಂಗ್ಲೆಂಡಿನವರೂ ಮೊದಲು ಸಾಚಾಗಳಾಗಿರಲಿಲ್ಲವೆನ್ನಿ: 17ನೆಯ ಶತಮಾನದಲ್ಲಿ ವೈದ್ಯನೊಬ್ಬ ವೆಸ್ಟ್ ಕೆನೆಟ್ಟನ್ನು ಅಗೆದು ಹಾಳುಗೆಡವಿದನೆಂದೂ, ಔಷಧ ಮಾಡಲು ಆ ಸೀಮೆಯಲ್ಲಿ ಮನುಷ್ಯರ ಮೂಳೆಗಳನ್ನು ಒಯ್ದನೆಂದೂ ಹಳೆಯ ಬರಹಗಳಲ್ಲಿದೆ. 1859ರಲ್ಲಿ ಅಲ್ಲಿ ಅಗೆದ ಜಾನ್ ಥರ್ನಮ್, ನೀಳದಿಬ್ಬದಲ್ಲಿ ನೀಳ ತಲೆಬುರುಡೆ, ದುಂಡುದಿಬ್ಬದಲ್ಲಿ ದುಂಡು ತಲೆಬುರುಡೆ ಎಂಬ ಸೂತ್ರ ಕಟ್ಟಿದ ವೈದ್ಯ. ಸ್ಟುವರ್ಟ್ ಪಿಗಟ್ ಮತ್ತು ರಿಚರ್ಡ್ ಅಟ್ಕಿನ್ಸನ್ 1955–56ರಲ್ಲಿ ಅಗೆಯುವ ವೇಳೆಗೆ, ಅದೃಷ್ಟವಶಾತ್ ನಾಲ್ಕು ಕೋಣೆಗಳು ಮುಟ್ಟದೆ ಉಳಿದಿದ್ದುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ಪಿಗಟ್ ಸೇನೆಯ ವಿಮಾನಚಿತ್ರಗಳನ್ನು ಓದುವ ಕೆಲಸದ ಮೇಲೆ ದೆಹಲಿಯಲ್ಲಿದ್ದು, ಬಿಡುವಿನಲ್ಲಿ ಭಾರತದ ಪ್ರಾಗಿತಿಹಾಸವನ್ನು ಅಭ್ಯಾಸ ಮಾಡಿದವರು.

ಮೇಷ್ಟ್ರೇ, ತಮ್ಮಲ್ಲಿ ವಿನಂತಿಯೇನೆಂದರೆ, ಮಕ್ಕಳಿಂದ ಏನನ್ನೂ ಅಗೆಸಬೇಡಿ, ಮಡಕೆಚೂರನ್ನೂ ಎತ್ತಿಸಬೇಡಿ. ಪ್ರತಿಯೊಂದು ರಚನೆಗೂ ಒಂದು ಸಂಖ್ಯೆ ಕೊಟ್ಟು, ಚಪ್ಪಡಿಗಳ ಉದ್ದ, ಅಗಲ, ದಪ್ಪ, ಕಿಂಡಿಯ ಅಡ್ಡಳತೆ, ಸುತ್ತಿನ ಕಲ್ಲುಗಳ ಸಂಖ್ಯೆಯನ್ನು ಬರೆಸಿ. ಮೊಬೈಲಿನಲ್ಲಿ ಜಾಗದ ಅಕ್ಷಾಂಶ ರೇಖಾಂಶವನ್ನು ಗುರುತಿಸಿ, ಪಕ್ಕದಲ್ಲಿ ಅಳತೆಕೋಲು ಇಟ್ಟು ಚಿತ್ರ ತೆಗೆಸಿ. ಆ ಪಟ್ಟಿಯ ಪ್ರತಿಯನ್ನು ಗ್ರಾಮ ಪಂಚಾಯಿತಿಗೂ, ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. 1961ರ ರಾಜ್ಯ ಕಾಯಿದೆಯಡಿಯಲ್ಲಿ ಇಂಥ ನೆಲೆಗಳನ್ನು ರಕ್ಷಿತವೆಂದು ಘೋಷಿಸುವ ಅವಕಾಶವಿದೆ. ಗೋಮಾಳವೆಂದಮೇಲೆ ನಾಳೆ ಕಲ್ಲು ಕ್ವಾರಿಗೆ ಅರ್ಜಿ ಬೀಳಬಹುದು. ಆ ದಿನ ಕಡತದಲ್ಲಿ ಒಂದು ಹಾಳೆಯಾದರೂ ಇರಬೇಕು. ಪಟ್ಟಿಯನ್ನು ಇಲ್ಲಿ ಮಾತ್ರ ಹಾಕಬೇಡಿ. ಜಾಗದ ಗುರುತು ಬಹಿರಂಗವಾದರೆ ಮೊದಲು ಬರುವವರು ಯಾರೆಂದು ತಮಗೇ ಗೊತ್ತು.

ಉತ್ತರ: ಕಲ್ಲುಗುಡ್ಡದವರು, ತುಮಕೂರು

ಅಳತೆಗಳ ಜೊತೆಗೆ ಕಿಂಡಿಯ ದಿಕ್ಕನ್ನೂ ದಿಕ್ಸೂಚಿಯಿಂದ ಬರೆಸಿ, ಮೇಷ್ಟ್ರೇ. ಬ್ರಹ್ಮಗಿರಿಯಂತೆ ನಿಮ್ಮಲ್ಲಿಯೂ ಅದು ಪೂರ್ವಕ್ಕಿದೆಯೇ, ಇಲ್ಲವೇ ಒಂದೊಂದೂ ಒಂದೊಂದು ಕಡೆಗೆ ತಿರುಗಿದೆಯೇ ಎಂಬುದು ಮುಖ್ಯ. ಇಂಗ್ಲೆಂಡಿನಲ್ಲಿಯೂ ನೀಳದಿಬ್ಬದ ಅಗಲವಾದ ತುದಿ ಬಹುಮಟ್ಟಿಗೆ ಪೂರ್ವದ ಕಡೆಗಿರುತ್ತದೆ, ಆದರೆ ವೇಲ್ಯಾಂಡನ ಕುಲುಮೆಯ ಬಾಗಿಲು ದಕ್ಷಿಣಕ್ಕಿದೆ. ಚಿಂತಾಮಣಿಯ ಸ್ನೇಹಿತರು ಇದನ್ನೂ ನಂಟಿನ ಸಾಕ್ಷಿ ಎನ್ನುವ ಮೊದಲೇ ಹೇಳಿಬಿಡುತ್ತೇನೆ: ಸೂರ್ಯ ಎರಡು ಕಡೆಯೂ ಪೂರ್ವದಲ್ಲೇ ಹುಟ್ಟುತ್ತಾನೆ. ಚಪ್ಪಡಿಗಳ ಜೋಡಣೆ ಸ್ವಸ್ತಿಕದ ಬಗೆಯದಾಗಿದ್ದರೆ ತೋಳುಗಳು ಬಲಕ್ಕೆ ತಿರುಗಿವೆಯೋ ಎಡಕ್ಕೋ ಎಂಬುದನ್ನು ಒಂದು ರೇಖಾಚಿತ್ರದಲ್ಲಿ ತೋರಿಸಿ ಕಳುಹಿಸಿ. ಗಡಿಯಾಚೆಯ ಕೃಷ್ಣಗಿರಿ, ಚಿತ್ತೂರುಗಳ ಕಲ್ಮನೆಗಳೊಂದಿಗೆ ಹೋಲಿಸಿ ನೋಡಲು ಅಷ್ಟು ಸಾಕಾಗುತ್ತದೆ.